ಪೋರ್ಷೆ 917: ಒಂದೇ ವರ್ಷದಲ್ಲಿ ಪಳಗಿದ ಕಾರು

ಪ್ರಶ್ನೆ: ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಪೋರ್ಷೆ ಕಂಪನಿಗೆ ಮೊದಲ ಒಟ್ಟಾರೆ ಗೆಲುವು ತಂದುಕೊಟ್ಟ 917 ಕಾರನ್ನು ಓಡಿಸಲು ಅದರ ಹಿಂದಿನ ವರ್ಷ ಚಾಲಕರೇ ಹಿಂಜರಿಯುತ್ತಿದ್ದರಂತೆ. ಅಷ್ಟರಲ್ಲಿ ಬದಲಾದದ್ದೇನು? ಎಂಜಿನ್ನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಂಜಿನ್ ಅಲ್ಲ. 1970ರಲ್ಲಿ ಗೆದ್ದ ಕಾರಿನಲ್ಲೂ ಪೋರ್ಷೆಯ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ರೂಪಿಸಿದ್ದ, ಗಾಳಿಯಿಂದಲೇ ತಣಿಯುವ 12 ಸಿಲಿಂಡರಿನ 4.5 ಲೀಟರ್ ಎಂಜಿನ್ನೇ ಇತ್ತು. ಬದಲಾದದ್ದು ಕಾರಿನ ಹಿಂಭಾಗದ ಆಕಾರ.

ದೊಡ್ಡ ಎಂಜಿನ್ನಿನ ಕಾರನ್ನು ಸ್ಪರ್ಧೆಗಿಳಿಸಬೇಕಾದರೆ ಕನಿಷ್ಠ 25 ಕಾರುಗಳನ್ನು ಕಟ್ಟಿ ತೋರಿಸಬೇಕೆಂಬ ನಿಯಮ ಆಗ ಇದ್ದುದರಿಂದ, ಪೋರ್ಷೆಯ ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಫರ್ಡಿನಾಂಡ್ ಪೀಹ್ ಅವರ ತಂಡ 1969ರ ಏಪ್ರಿಲ್‌ನಲ್ಲಿ ಅಷ್ಟನ್ನೂ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿತು. ತೂಕ ಇಳಿಸುವ ಹಟ ಎಷ್ಟಿತ್ತೆಂದರೆ ಗೇರ್ ಕೋಲಿನ ಹಿಡಿಯನ್ನು ಹಗುರವಾದ ಬಾಲ್ಸಾ ಮರದಿಂದ ಮಾಡಿದ್ದರು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿನೊಳಗೆ ಒತ್ತಡದಲ್ಲಿ ಅನಿಲ ತುಂಬಿಟ್ಟು, ಒತ್ತಡ ಇಳಿದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದು ತಿಳಿಯುತ್ತಿದ್ದರು. ಚಾಲಕನ ಪಾದಗಳು ಮುಂದಿನ ಚಕ್ರಗಳ ಅಚ್ಚಿಗಿಂತಲೂ ಮುಂದಕ್ಕೆ ಚಾಚಿರುತ್ತಿದ್ದವು. ಇಂಥ ಕಾರು ಅತಿವೇಗದಲ್ಲಿ ರಸ್ತೆಯ ಮೇಲಿನ ಹಿಡಿತ ಕಳೆದುಕೊಂಡು ಅತ್ತಿತ್ತ ಎಳೆಯುತ್ತಿದ್ದುದರಿಂದ ಚಾಲಕರ ಭಯಕ್ಕೆ ಕಾರಣವಿತ್ತು. ಅದೇ ವರ್ಷದ ಲ ಮಾನ್‌ನಲ್ಲಿ ಸ್ವಂತ 917 ತಂದಿದ್ದ ಬ್ರಿಟನ್ನಿನ ಜಾನ್ ವುಲ್ಫ್ ಮೊದಲ ಸುತ್ತಿನಲ್ಲೇ ಅಪಘಾತಕ್ಕೀಡಾಗಿ ತೀರಿಕೊಂಡರು.

ಪರಿಹಾರ ಸಿಕ್ಕಿದ್ದು ಆ ಅಕ್ಟೋಬರ್‌ನಲ್ಲಿ, ಆಸ್ಟ್ರಿಯದ ಜೆಲ್ಟ್‌ವೆಗ್ ಬಳಿಯ ಟ್ರ್ಯಾಕ್‌ನಲ್ಲಿ. ಪೋರ್ಷೆಯ ಪರವಾಗಿ ರೇಸಿಗಿಳಿಯಲಿದ್ದ ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್, ಓಡಿ ಬಂದು ನಿಂತ ಕಾರನ್ನು ಸುತ್ತಿ ನೋಡಿದಾಗ ಮುಂಭಾಗಕ್ಕೂ ಗಾಜಿಗೂ ಸತ್ತ ಹುಳುಗಳು ಮೆತ್ತಿಕೊಂಡಿದ್ದವು. ಹಿಂಭಾಗದ ರೆಕ್ಕೆಪಟ್ಟಿಗಳು ಮಾತ್ರ ಶುಚಿಯಾಗಿದ್ದವು. ಗಾಳಿ ಅಲ್ಲಿಗೆ ತಲುಪುತ್ತಲೇ ಇಲ್ಲ, ಹಾಗಾಗಿ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುವ ಬಲವೇ ಹುಟ್ಟುತ್ತಿಲ್ಲ ಎಂಬುದನ್ನು ಅವರು ಅಷ್ಟರಿಂದಲೇ ಗ್ರಹಿಸಿದರು. ಮೆಕ್ಯಾನಿಕ್‌ಗಳು ಅಲ್ಯೂಮಿನಿಯಂ ತಗಡು ಬಡಿದು, ಹಿಂಭಾಗವನ್ನು ಮೊಟಕಾಗಿ, ಮೇಲಕ್ಕೆ ಏರುವಂತೆ ಅಲ್ಲೇ ತಿದ್ದಿದರು. ಚಾಲಕರು ಮತ್ತೆ ಓಡಿಸಿದಾಗ ಕಾರು ಹತೋಟಿಗೆ ಬಂದಿತ್ತು. 917ಕೆ ಎಂದು ಹೆಸರಾದ ಮಾದರಿ ಹುಟ್ಟಿದ್ದು ಹೀಗೆ. ಈ ಕಾರಿನ ಕೀರ್ತಿಯಲ್ಲಿ ಮೆಟ್ಸ್‌ಗರ್ ಅವರಿಗೆ ಸಲ್ಲುವಷ್ಟೇ ಪಾಲು ಹಾರ್ಸ್‌ಮನ್ ಅವರ ಆ ಸೂಕ್ಷ್ಮ ನೋಟಕ್ಕೂ ಸಲ್ಲಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

1970ರ ಜೂನ್‌ನಲ್ಲಿ ಸುರಿಯುವ ಮಳೆಯಲ್ಲಿ ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಕೆಂಪು-ಬಿಳಿ ಬಣ್ಣದ 23ನೇ ಸಂಖ್ಯೆಯ 917ಕೆಯನ್ನು ಗೆಲ್ಲಿಸಿದರು. ಆಟ್‌ವುಡ್ ಹಿಂದಿನ ವರ್ಷವೂ, ಇನ್ನೂ ತಿದ್ದಿರದ 917 ಕಾರಿನಲ್ಲಿ ಬಹು ಹೊತ್ತು ಮುಂದಿದ್ದು, ಕೊನೆಯ ಗಂಟೆಗಳಲ್ಲಿ ಕಾರು ಕೆಟ್ಟು ಹೊರಬಿದ್ದಿದ್ದವರು. ಮರುವರ್ಷ ಹೆಲ್ಮುಟ್ ಮಾರ್ಕೊ ಮತ್ತು ಖೈಸ್ ಫಾನ್ ಲೆನಪ್ ಮೆಗ್ನೀಸಿಯಂ ಚೌಕಟ್ಟಿನ 917ಕೆಯಲ್ಲಿ 24 ಗಂಟೆಗಳಲ್ಲಿ 5,335 ಕಿಲೋಮೀಟರ್ ಕ್ರಮಿಸಿದರು. ಆ ದಾಖಲೆ 2010ರವರೆಗೆ ಉಳಿಯಿತು. 1972ರಿಂದ ಎಂಜಿನ್ ಗಾತ್ರವನ್ನು 3 ಲೀಟರಿಗೆ ಮಿತಗೊಳಿಸಿದ್ದರಿಂದ 917 ಲ ಮಾನ್ ಸೇರಿದ್ದ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಬಿದ್ದು, ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಹೆಚ್ಚಿಸುವ ಟರ್ಬೊ ಅಳವಡಿಸಿಕೊಂಡು ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಗೆ ಹೋಯಿತು. 1972 ಮತ್ತು 1973ರ ಪ್ರಶಸ್ತಿಗಳು ಅದರ ಪಾಲಾದವು.