ಬೀಳುವ ಹಿಮಕ್ಕಿಂತ ಓಡುವ ಹಿಮ

ಗೋವಾದ ವಾಸ್ಕೋದ ಗೆಳೆಯರೇ, ನೀವು ಕೇಳಿದ್ದು ಇದು: ಅಂಟಾರ್ಕ್ಟಿಕಾ ಮರುಭೂಮಿ ಅಂತಾರೆ, ಹಾಗಾದರೆ ಅಲ್ಲಿದ್ದ ಭಾರತದ ಮೊದಲ ಸಂಶೋಧನಾ ಕೇಂದ್ರ, ನಮ್ಮ ದಕ್ಷಿಣ ಗಂಗೋತ್ರಿ, ಹಿಮದಲ್ಲಿ ಹೂತುಹೋಗಿದ್ದು ಹೇಗೆ?

ಮರುಭೂಮಿ, ಅಂದರೆ ಮಳೆ-ಹಿಮ ತೀರಾ ಕಡಿಮೆ ಬೀಳುವ ಜಾಗ, ಅನ್ನೋದು ಒಳನಾಡಿಗೆ ಸರಿ. ಈ ಕೇಂದ್ರ ಇದ್ದದ್ದು ಕರಾವಳಿಯ ಹಿಮಹಾಸಿನ ಮೇಲೆ. ಅಲ್ಲಿ ಹಿಮ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಆದರೆ ಬಿದ್ದದ್ದು ಬಿದ್ದಲ್ಲೇ ಇರುವುದಿಲ್ಲ. ಗಾಳಿಯ ವೇಗ ಸೆಕೆಂಡಿಗೆ ಸುಮಾರು 7-8 ಮೀಟರ್ ದಾಟಿದರೆ ಸಾಕು, ಒಣ ಹಿಮದ ಕಾಳುಗಳು ಏಳತೊಡಗುತ್ತವೆ. ಬೇಸಿಗೆ ಮಧ್ಯಾಹ್ನ ನಿಮ್ಮೂರಿನ ಬೈನಾ ಬೀಚಿನಲ್ಲಿ ಒಣ ಮರಳು ಕಾಲಿಗೆ ಚುಚ್ಚುತ್ತಾ ಓಡುತ್ತದಲ್ಲ, ಥೇಟ್ ಹಾಗೆ. ಒಂದು ಕಾಳು ಎಗರಿ ಬೀಳುತ್ತದೆ, ಬಿದ್ದ ಏಟಿಗೆ ಪಕ್ಕದವನ್ನೂ ಎಬ್ಬಿಸುತ್ತದೆ. ಈ ಕುಣಿತವೆಲ್ಲ ನೆಲದ ಹತ್ತಿರವೇ. ಗಾಳಿ ಇನ್ನೂ ಜೋರಾದರೆ ಸಣ್ಣ ಪುಡಿ ಮೇಲೇರಿ ತೇಲುತ್ತದೆ. ಆಗ ಆಕಾಶದಿಂದ ಒಂದು ಚೂರೂ ಬೀಳದಿದ್ದರೂ ಎದುರಿಗಿರುವ ಮನುಷ್ಯ ಕಾಣುವುದಿಲ್ಲ!

ಓಡುವಾಗ ಹಿಮದ ಎಸಳುಗಳು ಮುರಿದು ಗುಂಡಗಾಗುತ್ತವೆ. ಗಾಳಿ ತಗ್ಗುವ ಕಡೆ, ಅಂದರೆ ಕಟ್ಟಡದ ಮರೆಯಲ್ಲಿ, ಒತ್ತಾಗಿ ಕೂತು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದನ್ನು ಸುಮ್ನೆ ಗುಡಿಸಿ ಹಾಕೋಕಾಗಲ್ಲ, ಕಡಿದೇ ತೆಗೆಯಬೇಕು.

ಹೀಗಾಗಿ 1983-84ರಲ್ಲಿ ಕಟ್ಟಿದ ಕೇಂದ್ರವನ್ನು 1990ರ ಹೊತ್ತಿಗೆ ಬಿಡಬೇಕಾಯಿತು. ನಮ್ಮ ಎರಡನೇ ಕೇಂದ್ರ ಮೈತ್ರಿಯನ್ನು ಬಂಡೆ ನೆಲದ ಮೇಲೆ ಕಟ್ಟಿದರು, ಜಾಣತನದ ಕೆಲಸ. 2012ರ ಮೂರನೇ ಕೇಂದ್ರ ಭಾರತಿಯನ್ನಂತೂ ಕಂಬಗಳ ಮೇಲೆ ಎತ್ತರಿಸಿದ್ದಾರೆ. ಅಡಿಯಲ್ಲಿ ನುಗ್ಗುವ ಗಾಳಿಯೇ ಹಿಮವನ್ನು ಹೊತ್ತೊಯ್ಯುತ್ತದೆ.