ಪ್ರೈಸ್ ಅವರೇ ಮೊದಲಿಗರೇ?
ಆಪೆರಾ ಎಂಬ ಹಾಡುನಾಟಕಗಳ ರಂಗಮಂದಿರವಾದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ ಲಿಯಾಂಟೀನ್ ಪ್ರೈಸ್ ಅವರೇ ಎಂದು ಕೇಳಿದ್ದೀರಿ. ಅಲ್ಲ. 1955ರ ಜನವರಿಯಲ್ಲೇ ಮರಿಯನ್ ಆಂಡರ್ಸನ್ ಆ ಬಾಗಿಲು ತೆರೆದಿದ್ದರು. ಆಗ ಅವರಿಗೆ 57 ವರ್ಷ, ಕಂಠದ ಹರೆಯ ಕಳೆದಿತ್ತು. ಮಿಸಿಸಿಪ್ಪಿಯ ಲಾರೆಲ್ ಊರಿನ ಪ್ರೈಸ್ ಅಲ್ಲಿಗೆ ಬಂದದ್ದು 1961ರಲ್ಲಿ, ಇಟಲಿಯ ಸಂಗೀತ ರಚನಕಾರ ವೆರ್ದಿಯ ‘ಇಲ್ ತ್ರೊವತೋರೆ’ ಆಪೆರಾದ ನಾಯಕಿ ಲಿಯೊನೋರಾ ಆಗಿ. ಮೊದಲ ರಾತ್ರಿಯೇ ಚಪ್ಪಾಳೆ ಅರ್ಧ ಗಂಟೆ ದಾಟಿತು!

ಪ್ರೈಸ್ ಅವರ ಹಾಡುಗಳನ್ನು ಎಲ್ಲಿಂದ ಕೇಳಲು ತೊಡಗಲಿ ಎಂದಿರಲ್ಲ, ನನ್ನನ್ನು ಕೇಳಿದರೆ ತುದಿಯಿಂದಲೇ. 1985ರ ಜನವರಿ 3ರಂದು ಅವರು ಆಪೆರಾ ರಂಗಕ್ಕೆ ವಿದಾಯ ಹೇಳಿದ, ವೆರ್ದಿಯದೇ ಆದ ‘ಆಯಿದಾ’ ಟಿವಿಯಲ್ಲಿ ನೇರ ಪ್ರಸಾರವಾಗಿತ್ತು. ತಾಯ್ನಾಡನ್ನು ನೆನೆಯುವ ಹಾಡು ಮುಗಿದ ಮೇಲೆ ಸಭೆ ಚಪ್ಪಾಳೆ ನಿಲ್ಲಿಸುವುದೇ ಇಲ್ಲ. ಆಕೆ ಕದಲದೆ ನಿಂತು, ಪಾತ್ರದೊಳಗೇ ಉಳಿಯಲು ಹೆಣಗುತ್ತಾರೆ. ಕೆಳಸ್ವರಗಳಲ್ಲಿ ಹೊಗೆಯಾಡಿದಂತಹ ಆ ಗಡಸನ್ನು ಮಾತ್ರ ಹಳೆಯ ಧ್ವನಿಮುದ್ರಿಕೆಗಳಲ್ಲೂ ಹುಡುಕಿ ಕೇಳಿ.