ಎರಡು ಕಡೆ ಲಾ ಸೀಟು ಸಿಕ್ಕಿದೆ: ಹೊರರಾಜ್ಯದ ಎನ್‌ಎಲ್‌ಯು ಸೇರಲೋ, ಹುಬ್ಬಳ್ಳಿಯಲ್ಲೇ ಓದಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಗದಗಿನವರು, ಪಿಯುಸಿ ಮುಗಿದಿದೆ. ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆದು ಹೊರರಾಜ್ಯದ ಒಂದು ಹೊಸ ಎನ್‌ಎಲ್‌ಯುನಲ್ಲಿ, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ, ಸೀಟು ಸಿಕ್ಕಿದೆ. ಇತ್ತ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲೂ ಐದು ವರ್ಷದ ಕೋರ್ಸಿಗೆ ಸೀಟು ಇದೆ. ಮೊದಲನೆಯದಕ್ಕೆ ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ, ಅಷ್ಟೂ ಸಾಲ. ಎರಡನೆಯದು ಅದರ ಅರ್ಧವೂ ಆಗುವುದಿಲ್ಲ, ಸಾಲವೂ ಬೇಕಿಲ್ಲ. ಮುಂದೆ ಸಿವಿಲ್ ಜಡ್ಜ್ ಆಗಬೇಕು. ಎನ್‌ಎಲ್‌ಯು ಬಿಟ್ಟರೆ ಆಮೇಲೆ ಕೈ ಹಿಸುಕಿಕೊಳ್ಳಬೇಕಾಗುತ್ತಾ ಎನ್ನುವುದು ನಿಮ್ಮ ಭಯ.

ನಾನಾಗಿದ್ದರೆ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಎನ್‌ಎಲ್‌ಯು ಕೆಟ್ಟದ್ದು ಅಂತಲ್ಲ. ನೀವು ಹೇಳಿದ ಗುರಿಗೂ ಆ ಸಾಲಕ್ಕೂ ಹೊಂದುವುದಿಲ್ಲ.

2025ರ ಮೇ 20ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಹಳೆಯ ನಿಯಮವನ್ನು ಅದು ಮತ್ತೆ ತಂದಿತು. ಅಂದರೆ ಡಿಗ್ರಿ ಕೈಗೆ ಬಂದ ಕೂಡಲೇ ಅರ್ಜಿ ಹಾಕುವ ಹಾಗಿಲ್ಲ. ಐದು ವರ್ಷ ಓದು, ಮೂರು ವರ್ಷ ಕೋರ್ಟು, ಆಮೇಲೆ ಪರೀಕ್ಷೆ. ಆ ನಡುವಿನ ಮೂರು ವರ್ಷ ಹೇಗೆ ಬದುಕುತ್ತೀರಿ ಅಂತ ಯೋಚಿಸಿದ್ದೀರಾ?

ಲೆಕ್ಕ ಹಾಕೋಣ. ಎರಡೂವರೆ ಲಕ್ಷದ ಹಾಗೆ ಐದು ವರ್ಷಕ್ಕೆ ಹನ್ನೆರಡೂವರೆ ಲಕ್ಷ. ಶೇ 10ರ ಬಡ್ಡಿ ಅಂತ ಇಟ್ಟುಕೊಂಡು ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 16,500 ರೂಪಾಯಿ ಕಂತು. ಓದುವಾಗಲೇ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಈಗ ಸೀನಿಯರ್ ವಕೀಲರ ಕೈಕೆಳಗೆ ಕೆಲಸ ಕಲಿಯುವ ಜೂನಿಯರ್‌ಗೆ ಸಿಗುವ ದುಡ್ಡು ನೋಡಿ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಸೀನಿಯರ್‌ಗಳಿಗೆ ಒಂದು ಸುತ್ತೋಲೆ ಕಳಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ಕೊಡಿ ಎಂದು. ಅದು ಸಲಹೆ ಮಾತ್ರ, ಕಡ್ಡಾಯವೇನಲ್ಲ. ಆ ಸಲಹೆಯನ್ನು ಅಕ್ಷರಶಃ ಪಾಲಿಸುವ ಪುಣ್ಯಾತ್ಮ ಸೀನಿಯರ್ ಸಿಕ್ಕರೂ, ತಾಲ್ಲೂಕು ಕೋರ್ಟಿನಲ್ಲಿ ನಿಮ್ಮ ಕಂತಿಗೇ ಸಾಲದು. ನನಗೆ 2013ರಲ್ಲಿ ಸಿಗುತ್ತಿದ್ದದ್ದು ನಾಲ್ಕು ಸಾವಿರ. ಅದೂ ಕೆಲವು ತಿಂಗಳು ಕಕ್ಷಿದಾರರು ಫೀ ಕೊಟ್ಟ ಮೇಲೆ.

ನಾನೂ ಸಾಲ ಮಾಡಿಯೇ ಹೊರರಾಜ್ಯದ ಖಾಸಗಿ ಕಾಲೇಜೊಂದರಲ್ಲಿ ಓದಿದವನು. ನಮ್ಮ ಬ್ಯಾಚಿನಲ್ಲಿ ಜಡ್ಜ್ ಆಗಬೇಕು ಅಂದುಕೊಂಡಿದ್ದವರು ಐದಾರು ಜನ. ಅದರಲ್ಲಿ ಮೂವರು ಕಂತು ಕಟ್ಟಲಿಕ್ಕಾಗಿಯೇ ಕಂಪನಿ ಕೆಲಸಕ್ಕೆ ಹೋದರು, ಮತ್ತೆ ಕೋರ್ಟಿನ ಕಡೆ ಬರಲಿಲ್ಲ. ನನ್ನ ಸಾಲ ತೀರಿಸಿದ್ದು ಅಪ್ಪ. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳಿದರೆ ತಪ್ಪಾಗುತ್ತದೆ.

ಇನ್ನೊಂದು ವಿಷಯ ಭಾಷೆ. ಹೈಕೋರ್ಟು, ಸುಪ್ರೀಂ ಕೋರ್ಟು ಇಂಗ್ಲಿಷಿನಲ್ಲಿ ನಡೆಯುತ್ತವೆ, ಸಂವಿಧಾನದ 348ನೇ ವಿಧಿಯೇ ಹಾಗೆ ಹೇಳುತ್ತದೆ. ಆದರೆ ನಮ್ಮ ಕೆಳಗಿನ ಕೋರ್ಟುಗಳ ಉಸಿರು ಕನ್ನಡ. ನಾನು ಬೆಂಗಳೂರಿನಲ್ಲಿ ಬೆಳೆದವನು, ಐದು ವರ್ಷ ಪೂರ್ತಿ ಇಂಗ್ಲಿಷಿನಲ್ಲಿ ಓದಿ ಹಾವೇರಿಯ ಸೀನಿಯರ್ ಒಬ್ಬರ ಆಫೀಸಿಗೆ ಸೇರಿದೆ. ಮೊದಲ ವಾರವೇ ಒಬ್ಬ ಅಜ್ಜ ಬಂದು "ವಾಟ್ನಿ ಆಗೇತ್ರೀ, ಕಬ್ಜಾ ಬಿಟ್ಟಿಲ್ಲ" ಅಂದರು. ನನಗೆ ಎರಡೂ ತಿಳಿಯಲಿಲ್ಲ. ವಾಟ್ನಿ ಅಂದರೆ ಆಸ್ತಿ ಪಾಲಾಗುವುದು, ಕಬ್ಜಾ ಅಂದರೆ ಸ್ವಾಧೀನ. ಪಾಲಿನ ದಾವೆಯ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು ನಾನು! ಪಾಟೀಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು, ನಿಂತ ಮೊದಲ ದಿನವಂತೂ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಸಾಕ್ಷಿ ಆರಾಮಾಗಿ ತನಗೆ ಬೇಕಾದ ಉತ್ತರ ಕಟ್ಟಿಕೊಂಡಿದ್ದ. ನೀವು ಗದಗಿನವರು, ಈ ಮಾತೆಲ್ಲ ನಿಮಗೆ ಮನೆಯಲ್ಲೇ ಸಿಕ್ಕಿದೆ. ಅದನ್ನು ಐದು ವರ್ಷ ಸುಮ್ನೆ ತುಕ್ಕು ಹಿಡಿಸಬೇಡಿ. ನಮ್ಮ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಒಂದು ಪತ್ರಿಕೆಯೇ ಇದೆ.

ಜಾಗದ ಲಾಭವೂ ಕಡಿಮೆಯಲ್ಲ. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ನವನಗರದಿಂದ ಚಿಗರಿ ಬಸ್ ಹತ್ತಿದರೆ ಧಾರವಾಡ, ಅಲ್ಲಿ ಹೈಕೋರ್ಟ್ ಪೀಠ ಇದೆ. ನಿಮ್ಮ ಗದಗ ಜಿಲ್ಲೆಯ ಮೇಲ್ಮನವಿಗಳು ಹೋಗುವುದೂ ಅಲ್ಲಿಗೇ. ರಜೆಗೆ ಊರಿಗೆ ಹೋದಾಗ ಗದಗ ಕೋರ್ಟಿನಲ್ಲಿ ಯಾರ ಹಿಂದೆಯಾದರೂ ಫೈಲ್ ಹಿಡಿದು ಓಡಾಡಬಹುದು. ಮುಂದೆ ಜೂನಿಯರ್ ಆಗಿ ಸೇರಿಕೊಳ್ಳಲು ಆ ಪರಿಚಯವೇ ಸಾಕು.

ಹುಬ್ಬಳ್ಳಿ ಸೇರಿದರೆ ಕಳೆದುಕೊಳ್ಳುವುದೂ ಇದೆ. ಎನ್‌ಎಲ್‌ಯುನಲ್ಲಿ ದೇಶದ ಎಲ್ಲ ಕಡೆಯ ಹುಡುಗರು ಸಿಗುತ್ತಾರೆ, ಇಂಗ್ಲಿಷ್ ಬರವಣಿಗೆ ಚೆನ್ನಾಗಿ ತಿದ್ದಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಅದನ್ನು ನೀವೇ ಹಟ ಹಿಡಿದು ಮಾಡಿಕೊಳ್ಳಬೇಕು. ದಿನಕ್ಕೊಂದು ತೀರ್ಪು ಪೂರ್ತಿ ಓದಿ, ಒಂದು ಪುಟದಲ್ಲಿ ಬರೆದಿಡಿ. ಗೈಡ್ ನೋಡಿ ಪಾಸಾಗುವ ಚಟಕ್ಕೆ ಮಾತ್ರ ಬೀಳಬೇಡಿ, ಅದು ಎಲ್ಲ ಕಾಲೇಜಲ್ಲೂ ಇದೆ.

ನಿಮಗೆ ಸಿಕ್ಕಿದ್ದು ಬೆಂಗಳೂರಿನ ನಾಗರಬಾವಿಯ ಎನ್‌ಎಲ್‌ಯುವೋ, ಹೈದರಾಬಾದಿನ ಎನ್‌ಎಲ್‌ಯು ಆದ ನಲ್ಸಾರೋ ಆಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅಲ್ಲಿಗೆ ದೊಡ್ಡ ಲಾ ಫರ್ಮ್‌ಗಳು ತಾವಾಗಿಯೇ ಬರುತ್ತವೆ. ಜಡ್ಜ್ ಆಗುವ ಆಸೆ ಬಿಟ್ಟುಹೋದರೂ ಸಾಲ ತೀರುತ್ತದೆ. ಹೊಸ ಎನ್‌ಎಲ್‌ಯುಗಳಲ್ಲಿ "ಅತಿ ಹೆಚ್ಚು ಪ್ಯಾಕೇಜ್" ಅಂತ ಒಬ್ಬನ ಸಂಬಳ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಬ್ಯಾಚಿನ ಅರ್ಧ ಜನ ಎಲ್ಲಿದ್ದಾರೆ ಅಂತ. ಕಳೆದ ವರ್ಷ ಪಾಸಾದ ಇಬ್ಬರ ನಂಬರ್ ಕೊಡಿ ಅನ್ನಿ. ಕೊಡಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು, ಅಲ್ವಾ?

ದುಡ್ಡು ಕಟ್ಟುವ ಮುಂಚೆ, ಸೀಟು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ದಿನಾಂಕದೊಳಗೆ ಅಂತ ಎರಡೂ ಕಡೆ ಓದಿಕೊಳ್ಳಿ. ಆ ಎನ್‌ಎಲ್‌ಯು ಯಾವುದು, ಬ್ಯಾಂಕು ಹೇಳಿದ ಬಡ್ಡಿ ಎಷ್ಟು ಅಂತ ಬರೆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಸರಿಯಾಗಿ ಹಾಕಿಕೊಡುತ್ತೇನೆ.